ಲಾಡಿನ ಸಾಲಿನಲ್ಲಿ ಹಾಕಿದ ಸಹಿ

ಅಂಜನಮ್ಮನಿಗೆ ಓದಲು ಬರುವುದಿಲ್ಲ, ಸಹಿ ಹಾಕಲು ಮಾತ್ರ ಬರುತ್ತದೆ. ಅದೂ ಎಂಥ ಸಹಿ! ಕೊನೆಯ ಒತ್ತಕ್ಷರಕ್ಕೆ ಒಂದು ಸುತ್ತು ಹೆಚ್ಚಿಗೆ ಹಾಕಿ, ಕೆಳಗೊಂದು ಗೆರೆ ಎಳೆದು, ಪೆನ್ನನ್ನು ಠೀವಿಯಿಂದ ವಾಪಸ್ಸು ಕೊಡುತ್ತಾಳೆ. ನಲವತ್ತು ದಾಟಿದ ಮೇಲೆ ಸಾಕ್ಷರತಾ ತರಗತಿಯಲ್ಲಿ ಕಲಿತದ್ದು. ಮಿಕ್ಕ ಅಕ್ಷರ ಕಲಿಯೋಣ ಎನ್ನುವಷ್ಟರಲ್ಲಿ ಆ ತರಗತಿಯೇ ನಿಂತುಹೋಯಿತು.

ಹಾಗಾಗಿ ಆ ಮನೆಯಲ್ಲಿ ಮಾವ ಬೈರಣ್ಣನ ಕಾಲದ ಕಟ್ಟಳೆಯೊಂದು ಇನ್ನೂ ನಡೆಯುತ್ತಿತ್ತು. ಬಿಟಿಎಂ ಲೇಔಟು ರಾಗಿ ಹೊಲವಾಗಿದ್ದ ದಿನಗಳಲ್ಲಿ ಯಾರೋ ಓದಿ ಹೇಳಿದ್ದು ಒಂದು, ಕಾಗದದಲ್ಲಿ ಇದ್ದದ್ದು ಇನ್ನೊಂದಾಗಿ, ಬೈರಣ್ಣನ ಹೆಬ್ಬೆಟ್ಟು ಬಿದ್ದು ಕೆರೆ ಪಕ್ಕದ ಹೊಲ ಕೈತಪ್ಪಿತ್ತು. ಅಂದಿನಿಂದ ಯಾವ ಕಾಗದ ಬಂದರೂ ಎರಡು ಬಾಯಲ್ಲಿ ಓದಿಸಬೇಕು. ಮೊದಲು ಓದಿದವರು ಎರಡನೆಯವರ ಜೊತೆ ಮಾತಾಡಿರಬಾರದು. ಎರಡೂ ಒಂದೇ ಆದರೆ ಮಾತ್ರ ಹೆಬ್ಬೆಟ್ಟು. "ಬ್ರಿಟಿಷರು ಹೋದ್ರು ಅಂತ ಕುಣಿದ್ವಿ ಕಣಮ್ಮ. ಸ್ವಾತಂತ್ರ್ಯ ಅಂದ್ರೆ ಏನು ಗೊತ್ತಾ? ನಾನು ಬೇಡ ಅಂದ್ರೆ ಕಾಗದದಲ್ಲೂ ಬೇಡ ಅಂತ್ಲೇ ಇರಬೇಕು" ಎನ್ನುತ್ತಿದ್ದ ಮುದುಕ.

ಈಗ ಮೊದಲ ಬಾಯಿ ಎದುರು ಮನೆಯ ಸೌಮ್ಯಳದು. ಇಪ್ಪತ್ತು ವರ್ಷದ ಒಡನಾಟ. ಕಂದಾಯದ ನೋಟೀಸಿರಲಿ, ಮದುವೆ ಪತ್ರಿಕೆಯಿರಲಿ, ಮೊದಲು ಅವಳ ಮುಂದೆ. ಎರಡನೇ ಬಾಯಿ ಮೂಲೆಯ ಜೆರಾಕ್ಸ್ ಅಂಗಡಿಯ ದಿವ್ಯಳದು.

ಆದರೆ ಲಾಡು ಹಂಚುವ ಹಾಳೆಯನ್ನು ಯಾರಾದರೂ ಎರಡು ಬಾಯಲ್ಲಿ ಓದಿಸುತ್ತಾರೆಯೇ?

ಪ್ರತಿವರ್ಷ ಆಗಸ್ಟ್ ಹದಿನೈದಕ್ಕೆ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಬಾವುಟ ಹಾರಿಸುತ್ತಾರೆ. ಆಮೇಲೆ ಮೇಜಿನ ಮುಂದೆ ಸಾಲು. ಹಾಳೆಗೆ ಸಹಿ ಹಾಕಿದವರಿಗೆ ಲಾಡಿನ ಪೊಟ್ಟಣ. ಅಂಜನಮ್ಮ ಆ ದಿನ ಬೆಳಗಿನ ಐದಕ್ಕೇ ತಲೆಗೆ ನೀರು ಹಾಕಿಕೊಂಡು, ಹಸಿರು ಅಂಚಿನ ಬಿಳಿ ಸೀರೆ ಉಟ್ಟು ಹೋಗುವವಳು. ಬಾವುಟದ ಗಂಟು ಬಿಚ್ಚಿ ಹೂವಿನ ಎಸಳು ಉದುರುವಾಗ ಅವಳಿಗೆ ಕಣ್ಣು ತುಂಬಿ ಬರುತ್ತದೆ. ಈ ಸಲವೂ ಬಂತು. ಸಾಲಿನಲ್ಲಿ ಅವಳ ಮುಂದೆ ಸೌಮ್ಯ ನಿಂತಿದ್ದಳು. ಸೌಮ್ಯ ಹಾಳೆ ನೋಡಿದಳು, ಒಂದು ಗಳಿಗೆ ತಡೆದಳು, ಸಹಿ ಹಾಕಿದಳು. ಅವಳು ಹಾಕಿದ ಮೇಲೆ ಇನ್ನೇನು ಎಂದು ಅಂಜನಮ್ಮನೂ ಸುತ್ತು, ಗೆರೆ ಸಮೇತ ಹಾಕಿ ಪೊಟ್ಟಣ ಇಸಿದುಕೊಂಡಳು. ಮನೆಗೆ ಬಂದು ಅರ್ಧ ಲಾಡನ್ನು ಮಹಡಿಯ ಬಾಡಿಗೆದಾರರಿಗೆ ಕೊಟ್ಟಳು.

ಆ ಬಾಡಿಗೆದಾರರು ಮೌನೇಶ, ರಾಜಶ್ರೀ. ಕೊಪ್ಪಳದ ಕಡೆಯವರು. ಅವನಿಗೆ ಜಯನಗರದ ಒಂದು ಆಫೀಸಿನಲ್ಲಿ ಕೆಲಸ, ಅವಳು ಟ್ಯೂಷನ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ. ಮೂರು ವರ್ಷದಿಂದ ಇದ್ದಾರೆ. ಅಂಜನಮ್ಮನಿಗೆ ಜ್ವರ ಬಂದರೆ ಗಂಜಿ ಕಾಯಿಸುವುದು ರಾಜಶ್ರೀಯೇ. ಮೌನೇಶನದು ಒಂದೇ ರೋಗ, ಪ್ರಶ್ನೆ ಕೇಳುವುದು. ಜುಲೈನಲ್ಲಿ ಸಂಘದವರು ಪಾರ್ಕಿಗೆ ಬೀಗ ಹಾಕಿ, ಕಾರ್ಡು ಇದ್ದವರಿಗೆ ಮಾತ್ರ ಪ್ರವೇಶ ಎಂದರು. ಮಧ್ಯಾಹ್ನ ಅಲ್ಲಿ ಬುತ್ತಿ ಬಿಚ್ಚುತ್ತಿದ್ದ ಗಾರೆ ಕೆಲಸದವರು, ಮನೆಗೆಲಸದ ಹೆಂಗಸರು ಫುಟ್‌ಪಾತಿಗೆ ಬಂದರು. ಮೌನೇಶ ಭಾನುವಾರದ ಸಭೆಯಲ್ಲಿ ಎದ್ದು ನಿಂತು, "ಸಾರ್ವಜನಿಕರ ಪಾರ್ಕಿಗೆ ಬೀಗ ಹಾಕಾಕ ಅಪ್ಪಣಿ ಕೊಟ್ಟವರ್ಯಾರ್ರೀ?" ಎಂದು ಕೇಳಿಬಿಟ್ಟ. ಸಂಜೆಯೊಳಗೆ ಬಡಾವಣೆಯ ವಾಟ್ಸಾಪ್ ಗುಂಪಿನಿಂದ ಅವನ ಹೆಸರು ತೆಗೆದಿದ್ದರು.

ಬಾವುಟ ಹಾರಿಸಿದ ಐದನೇ ದಿನ ಅವನಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಹೋದವನು ಸಂಜೆಗೆ ಮರಳಿದ, ನೇರ ಮಹಡಿ ಹತ್ತಿದ. ಸ್ವಲ್ಪ ಹೊತ್ತಿಗೆ ರಾಜಶ್ರೀ ಇಳಿದು ಬಂದು ಬಾಗಿಲಲ್ಲೇ ನಿಂತಳು.

"ಅಮ್ಮಾರ, ಮನಿ ಬಿಡ್ರಿ ಅಂತ ಬಾಯಿಲೆ ಹೇಳಿದ್ರ ಬಿಡ್ತಿದ್ವಿ. ಸ್ಟೇಷನ್ನಿಗೆ ಯಾಕ ಬರದು ಕೊಟ್ರಿ?"

"ನಾನಾ? ಏನು ಬರ್ಕೊಟ್ಟೆ?"

"ಇವರು ದೇಶದ್ರೋಹಿ ಅಂತ, ಬಾವುಟದ ಕಾರ್ಯಕ್ರಮ ಕೆಡಸಾಕ ಮಂದೀನ ಎತ್ತಿಕಟ್ತಾರ ಅಂತ. ಅರವತ್ತೆರಡು ಮಂದಿ ಸಹಿ ಅದಾವ್ರಿ. ನಿಮ್ದೂ ಐತಿ. ಸುತ್ತು ಹಾಕಿ, ಗೆರಿ ಎಳದು. ಇವರು ನೋಡ್ಯಾರ."

ಅಂಜನಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಲಾಡಿನ ಹಾಳೆ ನೆನಪಾಯಿತು. ದೇಶ ಕೆಡುವುದೆಂದರೆ ಎಲ್ಲೋ ಗಡಿಯಲ್ಲಿ, ಇಲ್ಲವೇ ಟಿವಿಯಲ್ಲಿ ಕೂಗಾಡುವವರ ನಡುವೆ ನಡೆಯುವ ಸಂಗತಿ ಎಂದುಕೊಂಡಿದ್ದಳು. ತಾನೇ ಬಿಳಿ ಸೀರೆ ಉಟ್ಟು, ಬಾವುಟದ ಕೆಳಗೆ ನಿಂತು, ಒಂದು ಲಾಡಿಗೆ ಕೈಯೊಡ್ಡಿ ಅದಕ್ಕೆ ಸಹಿ ಹಾಕಿ ಬಂದಿದ್ದಳಲ್ಲ! ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದಳು. "ನಾನು ವಾಪಸ್ ತಗೋತೀನಿ ಕಣಮ್ಮ, ನನ್ನ ಹೆಸರು ನಾನು ವಾಪಸ್ ತಗೋತೀನಿ" ಎಂದಳು.

ಅದನ್ನು ಅವಳು ಬೀದಿಯಲ್ಲಿ ನಿಂತೂ ಹೇಳಿದ್ದಳೋ ಏನೋ, ಮರುದಿನ ಬೆಳಿಗ್ಗೆಯೇ ಸಂಘದ ಅಧ್ಯಕ್ಷ ಶಶಿಧರ್ ಬಂದ. ಅವಳ ಕಣ್ಣೆದುರೇ ಚಡ್ಡಿ ಹಾಕಿಕೊಂಡು ಓಡಾಡಿದವನು, ಈಗ ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಆಂಟಿ, ನೀವ್ಯಾಕೆ ಸ್ಟೇಷನ್ನಿಗೆಲ್ಲ ಅಲೀತೀರ? ವಾಪಸ್ ತಗೋಳೋ ಲೆಟರ್ ನಾನೇ ಟೈಪ್ ಮಾಡಿಸ್ಕೊಂಡು ಬಂದಿದೀನಿ. ಕೇಳಿ." ಅವನು ಓದಿದ: ತಿಳಿಯದೆ ಸಹಿ ಹಾಕಿದ್ದೇನೆ, ಮೌನೇಶನ ಮೇಲೆ ನನ್ನದೇನೂ ದೂರಿಲ್ಲ, ನನ್ನ ಹೆಸರು ತೆಗೆಯಿರಿ.

ಅಂಜನಮ್ಮನ ಎದೆಯ ಭಾರ ಇಳಿಯಿತು. ಅವನ ಕೈಗೆ ಕಾಫಿ ಕೊಟ್ಟು, "ಇರು, ಇನ್ನೊಂದು ಬಾಯಿ ಆಗ್ಲಿ" ಎಂದು ಕಾಗದ ಹಿಡಿದು ಮಹಡಿ ಹತ್ತಿದಳು. ಶಶಿಧರ್ ಏನೋ ಹೇಳಲು ಬಾಯಿ ತೆರೆದ, ಅವಳು ಆಗಲೇ ಮೆಟ್ಟಿಲ ಮೇಲಿದ್ದಳು. ಈ ಶುಭ ಸುದ್ದಿ ರಾಜಶ್ರೀಯ ಬಾಯಲ್ಲೇ ಬರಲಿ ಎಂಬ ಆಸೆ ಅವಳಿಗೆ.

ರಾಜಶ್ರೀ ಟ್ಯೂಷನ್ ಮಕ್ಕಳಿಗೆ ಓದಿ ಹೇಳುವ ಧಾಟಿಯಲ್ಲೇ ಓದಲು ಶುರುಮಾಡಿದಳು. "ದೂರಿನಲ್ಲಿರುವ ವಿಷಯಗಳನ್ನು ನಾನು ಪೂರ್ತಿಯಾಗಿ ಓದಿಸಿ ತಿಳಿದು ಸಹಿ ಮಾಡಿರುತ್ತೇನೆ. ಸದರಿ ಬಾಡಿಗೆದಾರರನ್ನು ಈ ತಿಂಗಳೊಳಗೆ ಮನೆಯಿಂದ..." ಅಲ್ಲಿಗೆ ದನಿ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿ, ಕಾಗದ ವಾಪಸ್ಸು ಕೊಟ್ಟು, "ಇದನ್ನ ನನ್ನ ಕಡೆನ ಓದಸಬೇಕಿತ್ತೇನ್ರಿ ಅಮ್ಮಾರ?" ಎಂದಳು.

ಅಂಜನಮ್ಮ ಇಳಿದು ಬಂದಳು. ಕಾಗದವನ್ನು ಅವನ ಮುಂದಿಟ್ಟಳು. "ಶಶಿ, ನೀನು ಓದಿದ್ದು ಇದರಲ್ಲಿ ಇಲ್ಲ."

ಅವನು ತಡವರಿಸಲಿಲ್ಲ. ಲೋಟದಲ್ಲಿ ಉಳಿದಿದ್ದ ಕಾಫಿ ಮುಗಿಸಿ, ಲೋಟವನ್ನು ಮೆಲ್ಲಗೆ ಇಟ್ಟ. "ನಿಮ್ಮ ಒಳ್ಳೇದಕ್ಕೇ ಆಂಟಿ. ಹೋಗ್ಲಿ, ಸಹಿ ಹಾಕ್ದಿದ್ರೂ ನಡಿಯುತ್ತೆ, ಹಳೇದು ಇದ್ಯಲ್ಲ." ಗೇಟಿನ ಹತ್ತಿರ ತಿರುಗಿ ನಿಂತ. "ಅಂದಹಾಗೆ ಪಾರ್ಕಿನ ಕಾರ್ಡು ನಿಮ್ದಿನ್ನೂ ಆಗಿಲ್ಲ ಅಲ್ವಾ? ನೋಡೋಣ." ಹೊರಟವನು ಗೇಟಿನ ಚಿಲಕವನ್ನು ಜೋಪಾನವಾಗಿ ಹಾಕಿಕೊಂಡೇ ಹೋದ.

ಅವಳು ನೇರ ಎದುರು ಮನೆಗೆ ಹೋದಳು. ಸೌಮ್ಯ ಅಲಸಂದೆಕಾಯಿ ಬಿಡಿಸುತ್ತಿದ್ದಳು.

"ಸೌಮ್ಯಾ, ನಮಗೆಲ್ಲ ಮೋಸ ಆಗಿದೆ ಕಣೇ. ಲಾಡಿನ ಹಾಳೆ ಅಂತ ಸಹಿ ಹಾಕಿದ್ವಲ್ಲ, ಅದನ್ನ ಆ ಹುಡುಗನ ಮೇಲಿನ ದೂರಿಗೆ ಅಂಟಿಸಿಬಿಟ್ಟಿದ್ದಾರೆ. ನಾವಿಬ್ರೂ ಹೋಗಿ ಹೇಳೋಣ ಬಾ. ನಿನಗೆ ಓದಕ್ಕೆ ಬರುತ್ತೆ, ನಿನ್ನ ಮಾತು ಕೇಳ್ತಾರೆ."

ಸೌಮ್ಯ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು.

"ಅಂಟಿಸಿಲ್ಲ ಆಂಟಿ. ದೂರು ಹಾಳೆ ಮೇಲ್ಗಡೆನೇ ಇತ್ತು. ನಾನು ಓದಿದೆ."

"ಓದಿ?"

"ಹಿಂದೆ ಮುಂದೆ ಎಲ್ಲಾ ನಿಂತಿದ್ರು. ಶಶಿಧರ್ ನೋಡ್ತಿದ್ರು. ನಾನೊಬ್ಳು ಹಾಕಲ್ಲ ಅಂದ್ರೆ ನಾಳೆ ನಮ್ಮ ಹೆಸರೂ ಬರುತ್ತೆ. ನಮಗ್ಯಾಕೆ ಆಂಟಿ?"

ಅಕ್ಷರ ಬಾರದವರಿಗೆ ಮೋಸ ಆಗುತ್ತದೆ ಎಂದು ಮಾವ ಜೀವಮಾನವೆಲ್ಲ ಹೆದರಿದ್ದ. ಅಕ್ಷರ ಬಂದವರು ಓದಿಕೊಂಡೇ ಸಹಿ ಹಾಕುವ ಕಾಲ ಬರುತ್ತದೆಂದು ಅವನಿಗೂ ತೋಚಿರಲಿಲ್ಲ. ಇಪ್ಪತ್ತು ವರ್ಷ ನಂಬಿದ ಬಾಯಿ ಅದು. ಅಂಜನಮ್ಮ ತನ್ನ ಮನೆಗೆ ವಾಪಸ್ಸು ಬಂದಳು.

ಮಹಡಿಗೆ ಹೋಗಿ, "ನೀನೇ ಬರಿ" ಎಂದಳು ರಾಜಶ್ರೀಗೆ. "ನನಗೆ ಓದಿ ಹೇಳಲಿಲ್ಲ. ಆ ದೂರು ನನಗೆ ಬೇಡ. ಇವರು ಮನೆ ಬಿಡೋದೂ ಬೇಡ. ಹಂಗೇ ಬರಿ."

ರಾಜಶ್ರೀ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೂತು ಬರೆದಳು, ಓದಿ ಹೇಳಿದಳು. "ಇನ್ನೊಬ್ಬರ ಕಡೆ ಓದಸ್ರಿ ಅಮ್ಮಾರ. ನಿಮ್ಮ ಪದ್ಧತಿ ಐತಲ್ರಿ."

ಅಂಜನಮ್ಮ ಜೆರಾಕ್ಸ್ ಅಂಗಡಿಗೆ ಹೋದಳು. ದಿವ್ಯ ಎರಡು ಸಾಲು ಕಣ್ಣಾಡಿಸಿ, ಸುತ್ತ ನೋಡಿ, ಕಾಗದವನ್ನು ಮಡಚಿ ಕೊಟ್ಟಳು. "ಅಜ್ಜಿ, ಇದು ನನ್ನ ಕೈಲಿ ಬೇಡ. ಅಂಗಡಿ ಶಶಿಯಣ್ಣಂದು." ವಾಪಸ್ಸು ಬರುವಾಗ ಬೀದಿಯ ಎರಡೂ ಕಡೆಯ ಗೇಟುಗಳನ್ನು ನೋಡುತ್ತ ಬಂದಳು. ಅರವತ್ತೆರಡರಲ್ಲಿ ಎಷ್ಟೋ ಜನ ಇಲ್ಲಿಯವರೇ, ಎಲ್ಲರಿಗೂ ಓದು ಬರುತ್ತದೆ. ಯಾವ ಗೇಟನ್ನೂ ತಟ್ಟಲು ಧೈರ್ಯ ಬರಲಿಲ್ಲ.

"ಪೆನ್ನು ಕೊಡಮ್ಮ" ಎಂದಳು ರಾಜಶ್ರೀಗೆ. ಆ ಮನೆಯಲ್ಲಿ ಮೊದಲ ಸಲ ತಿಳಿದೂ ತಿಳಿದು ಒಂದೇ ಬಾಯಿಗೆ ಸಹಿ ಬಿತ್ತು. ಈ ಸಲ ಸುತ್ತು ಸೊಟ್ಟಗಾಯಿತು. ಪೆನ್ನನ್ನು ವಾಪಸ್ಸು ಕೊಡದೆ ಕೇಳಿದಳು: "ಬೇಡ ಅನ್ನೋದು ಇದರಲ್ಲಿ ಎಲ್ಲೈತೆ? ತೋರಿಸು."

ರಾಜಶ್ರೀ ಬೆರಳಿಟ್ಟು ತೋರಿಸಿದಳು. ಎರಡೇ ಅಕ್ಷರ. ಅಂಜನಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ, ಅದನ್ನು ನೋಡಿಕೊಂಡು ಕಾಗದದ ಮೂಲೆಯಲ್ಲಿ ಬರೆಯತೊಡಗಿದಳು. ಮೊದಲ ಅಕ್ಷರ ಮುಗಿಯುವಷ್ಟರಲ್ಲಿ ಕೆಳಗೆ ಗೇಟಿನ ಚಿಲಕ ಸದ್ದಾಯಿತು. ಒಬ್ಬರಲ್ಲ, ನಾಲ್ಕೈದು ಜನರ ಚಪ್ಪಲಿ ಸದ್ದು. ರಾಜಶ್ರೀ ಬಾಗಿಲ ಕಡೆ ನೋಡಿದಳು. ಅಂಜನಮ್ಮ ನೋಡಲಿಲ್ಲ, ಎರಡನೇ ಅಕ್ಷರ ಇನ್ನೂ ಬಾಕಿ ಇತ್ತು.