ಮೂವತ್ತೇಳು ಸೆಕೆಂಡು

ವಿದ್ಯುತ್ ಕೇಂದ್ರಕ್ಕೆ ಬರುವ ಫೋನ್ ಕರೆಗಳನ್ನೆಲ್ಲ ಸಮಯದ ಸಮೇತ ದಾಖಲಿಸುವ ಲಿನಕ್ಸ್ ಕಂಪ್ಯೂಟರನ್ನು ಕೂರಿಸಿದವನು ನಾನೇ. ಸಮಯ ಕೂದಲೆಳೆಯಷ್ಟೂ ಆಚೀಚೆ ಆಗಬಾರದೆಂದು, ಸ್ವಂತ ಗಡಿಯಾರವಿರುವ ನೆಟ್‌ವರ್ಕ್ ಕಾರ್ಡನ್ನು ಹಟ ಹಿಡಿದು ತರಿಸಿದ್ದೆ.

ಆ ದಾಖಲೆ ಈಗ ನನ್ನ ಅಕ್ಕನ ಗಂಡನ ಕುತ್ತಿಗೆಗೇ ಬಂದಿತ್ತು. ಭಾವ ಆ ಕೇಂದ್ರದ ಆಪರೇಟರ್. ಹೋದ ವಾರ ಲೈನ್‌ಮ್ಯಾನ್ ಕಂಬದ ಮೇಲಿರುವಾಗಲೇ ತಂತಿಗೆ ಕರೆಂಟ್ ಬಂದು ಅವನ ಎರಡೂ ಕೈ ಸುಟ್ಟವು. "ಮೇಸ್ತ್ರಿ ಫೋನಲ್ಲಿ ಎಲ್ಲರೂ ಇಳಿದ್ರು ಅಂದ್ಮೇಲೇ ಸ್ವಿಚ್ ಹಾಕಿದೆ" ಎಂದರು ಭಾವ. ಲೈನ್‌ಮ್ಯಾನ್‌ಗಳ ಮೇಸ್ತ್ರಿ, ಫೋನ್ ಮಾಡಿದ ಹೊತ್ತು ನೆನಪಿಲ್ಲವೆಂದು ಜಾರಿಕೊಂಡ. ದಾಖಲೆಯ ಪ್ರಕಾರ ಕರೆ ಬಂದದ್ದು ಸ್ವಿಚ್ ಹಾಕಿದ ಇಪ್ಪತ್ತು ಸೆಕೆಂಡಿನ ನಂತರ.

"ನಿನ್ನ ಯಂತ್ರ ಒಂದ್ಸಲ ನೋಡೋ" ಎಂದು ಅಕ್ಕ ಗೋಗರೆದಳು. ನನಗೆ ಎಲ್ಲಿಲ್ಲದ ಸಿಟ್ಟು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಯಂತ್ರಕ್ಕೆ ಮರೆವಿಲ್ಲ ಕಣಕ್ಕ" ಎಂದುಬಿಟ್ಟೆ. ಭಾವ ಅಲ್ಲೇ ಕೂತಿದ್ದರು.

ಇವತ್ತು ವಿಚಾರಣೆ. ಅಕ್ಕನ ಬಾಯಿ ಮುಚ್ಚಿಸೋಣವೆಂದೇ ಬೆಳಿಗ್ಗೆ ಹೋಗಿ ಪರೀಕ್ಷಿಸಿದೆ. ಕಾರ್ಡ್ ಸರಿಯಾಗಿತ್ತು. ಕಂಪ್ಯೂಟರಿನ ಪಕ್ಕ ಮೊಬೈಲ್ ಹಿಡಿದೆ. ಕಂಪ್ಯೂಟರ್ ಮೂವತ್ತೇಳು ಸೆಕೆಂಡು ಮುಂದೆ!

ಅಯ್ಯೋ ದೇವರೇ. ಆ ಕಾರ್ಡ್ ಎಣಿಸುವುದು ಪರಮಾಣು ಗಡಿಯಾರಗಳ ಸಮಯ, ನಮ್ಮ ಗಡಿಯಾರಗಳಿಗಿಂತ ಅದು ಅಷ್ಟು ಮುಂದಿರುತ್ತದೆ. ಕಂಪ್ಯೂಟರಿಗೆ ದಾಟಿಸುವಾಗ ಮೂವತ್ತೇಳು ಕಳೆ ಎಂದು ಒಂದು ಸಾಲು ಬರೆಯಬೇಕು. ಈ ಕಸುಬಿಗೆ ನಿನ್ನೆ ಬಂದವನಿಗೂ ಗೊತ್ತಿರುವ ಸಾಲು. ನಾನು ಬರೆದಿರಲಿಲ್ಲ. ಸೆಕೆಂಡಿನ ಕೋಟಿಯಲ್ಲೊಂದು ಪಾಲನ್ನು ಹಿಡಿಯಹೊರಟವನು ಅರ್ಧ ನಿಮಿಷವನ್ನೇ ನುಂಗಿದ್ದೆ. ಸ್ವಿಚ್ಚಿನ ಸಮಯ ಬರೆಯುವ ಯಂತ್ರ ಬೇರೆ, ಅದು ಸರಿಯಾಗಿತ್ತು. ಅಂದರೆ ಕರೆ ಬಂದದ್ದು ಸ್ವಿಚ್ಚಿಗಿಂತ ಹದಿನೇಳು ಸೆಕೆಂಡು ಮೊದಲು. ಭಾವ ಹೇಳಿದ್ದೇ ನಿಜ.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ವಿಚಾರಣೆಯ ಕೊಠಡಿಯ ಹೊರಗೆ, ಬೆಂಚಿನ ಮೇಲೆ ಭಾವ ಒಬ್ಬರೇ ಇದ್ದರು.

"ಭಾವ, ತಪ್ಪು ನಂದು! ಕರೆ ಮೊದಲೇ ಬಂದಿದೆ. ಈಗ್ಲೇ ಒಳಗೆ ಹೇಳ್ತೀನಿ."

"ತಪ್ಪೊಪ್ಪಿಗೆಗೆ ಸಹಿ ಹಾಕ್ಬಿಟ್ಟೆ ಕಣೋ. ಅದು ಹಾಳಾಗ್ಲಿ. ನಿನ್ನೆ ಆಸ್ಪತ್ರೆಗೆ ಹೋಗಿ ಆ ಲೈನ್‌ಮ್ಯಾನ್ ಹತ್ರ, ನಿನ್ನ ಕೈ ಸುಟ್ಟಿದ್ದು ನಾನೇ ಕಣಪ್ಪ ಅಂತ ಅತ್ತು ಬಂದೆ."

"ಯಾಕೆ ಭಾವ? ಕಿವಿಯಾರೆ ಕೇಳಿದ್ರಲ್ಲ!"

"ಕೇಳಿದ್ದೆ. ಆದ್ರೆ ಗಡಿಯಾರ ಕೂರಿಸಿದವನು ನೀನು. ನಮ್ಮ ಹುಡುಗ ತಪ್ಪು ಮಾಡಲ್ಲ, ನನ್ನ ಕಿವೀನೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಗಿಲು ತಳ್ಳಿ ಒಳಗೆ ಹೋದೆ.