ಘರ್ಷಣೆಯ ಪಾಠದಲ್ಲೊಂದು ಗುಲಾಬಿ

ಬಾಳ್ಳುಪೇಟೆಯ ನಮ್ಮ ಶಾಲೆಯ ಎಂಟನೇ ಕ್ಲಾಸಿನವರು ವಿಜ್ಞಾನದ ಘರ್ಷಣೆಯ ಪಾಠವನ್ನು ಕಂಪ್ಯೂಟರಿನಲ್ಲಿ, ಎಲ್ಲರೂ ಸೇರಿ ಒಂದೇ ಪುಟದಲ್ಲಿ ಬರೆಯಲಿ ಎಂದವಳು ನಾನೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಲ್ಲೇ ತಿದ್ದಬಹುದು. ಮಕ್ಕಳು ಚೆನ್ನಾಗಿಯೇ ಬರೆದರು. ಹೆಮ್ಮೆ ತಡೆಯಲಾಗದೆ ಲಿಂಕನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನೋಡಲು ಮಾತ್ರ ಬಿಡಬೇಕಿತ್ತು, ಬರೆಯಲೂ ಬಿಟ್ಟಿದ್ದೆ.

ಬೆಳಗ್ಗೆ ನೋಡಿದರೆ ಪಾಠ ಸಂತೆಯಾಗಿತ್ತು. ರಶ್ಮಿತಾಳ ಅಮ್ಮ ನಡುವೆ ಗುಲಾಬಿ ಹೂವಿಟ್ಟು ಶುಭೋದಯ ಹೇಳಿದ್ದರು. ಇನ್ನೊಬ್ಬ ಪೋಷಕರು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಏಕಾಂತಯ್ಯ, ಒಂದು ಪ್ಯಾರಾ ಅಳಿಸಿ ಮೆಣಸಿನ ರೇಟು ಬರೆದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಳೆಯದನ್ನು ಮರಳಿ ತಂದು, ದೊಡ್ಡವರು ಯಾರೂ ಕೈಯಾಡಿಸದಂತೆ ಬೀಗ ಹಾಕಿದೆ.

ಮಧ್ಯಾಹ್ನ ಆಕಿಫ್ ಬಂದ. ಘಾಟಿ ಇಳಿಯುವಾಗ ಲಾರಿಯ ಬ್ರೇಕ್ ಏಕೆ ಬಿಸಿಯಾಗುತ್ತದೆ ಎಂಬ ಭಾಗ ಅವನದು.

"ಬರಿಯಕ್ಕೆ ಬಿಡಿ ಮಿಸ್. ನಮ್ಮಬ್ಬಾ ಲಾರಿ ತಗಂಡು ಮಂಗ್ಳೂರಿಗೆ ಹೋಗವ್ರೆ. ನಾಳೆ ಮೀಟಿಂಗಿಗೂ ಬರಲ್ಲ. ಇದ್ರಲ್ಲಾದ್ರೂ ಒಂದ್ಮಾತು ಬರೀಲಿ."

"ಇನ್ನೊಂದು ಗುಲಾಬಿ ಬಂದ್ರೆ ನಿನ್ನನ್ನೇ ಹಿಡ್ಕೋತೀನಿ ನೋಡು!" ಎಂದು ಗದರಿ ಬೀಗ ತೆಗೆದೆ. ಅವನ ತಂದೆ ಬಾಬಾಜಾನ್ ಪೋಷಕರ ಒಂದು ಸಭೆಗೂ ಬಂದವರಲ್ಲ. ಪ್ರತಿ ಸಲವೂ ಹುಡುಗ ಗೇಟಿನ ಕಡೆ ನೋಡುತ್ತಾ ಕೂರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಮರುದಿನದ ಸಭೆಯಲ್ಲಿ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ್ದೆವು. ಆಕಿಫ್ ಓದಲು ಎದ್ದ. ಕಣ್ಣು ಗೇಟಿನ ಕಡೆಗೇ. ಅಷ್ಟರಲ್ಲಿ ಅವನ ಕೊನೆಯ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಮೂಡತೊಡಗಿತು.

'ಹಾಜರ್ ಮಿಸ್. ಘಾಟಿಲಿ ಜಾಮ್ ಆಗೈತೆ, ಗಾಡಿ ನಿಲ್ಸಿವ್ನಿ. ಆಕಿಫ್ ಬರ್ದಿದ್ದು ಪೂರ್ತಿ ಓದ್ದೆ. ಬಾಬಾಜಾನ್.'

ಇಡೀ ಕೋಣೆ ನಕ್ಕು ಚಪ್ಪಾಳೆ ತಟ್ಟಿತು. ಏಕಾಂತಯ್ಯನವರದೇ ಜೋರು. ಆಕಿಫ್ ಓದುವುದನ್ನು ಬಿಟ್ಟು ಕಂಪ್ಯೂಟರಿನ ಬಳಿಗೆ ಓಡಿಬಂದು, ನನ್ನನ್ನು ಕೇಳದೆಯೇ ಟಕಟಕನೆ ಬರೆದ: 'ಅಬ್ಬಾ, ಊಟ ಆಯ್ತಾ?'

'ಇನ್ನೂ ಇಲ್ಲ ಮಗಾ. ನೀನು ಓದಿ ಮುಗ್ಸು, ಆಮೇಲೆ ಉಣ್ತೀನಿ.'

ಆಕಿಫ್ ಮೊದಲಿಂದ ಓದಿದ. ಈ ಸಲ ಗೇಟಿನ ಕಡೆ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಪುಟ ಸರಿಮಾಡಲು ಕೂತೆ. ಆ ಸಾಲುಗಳನ್ನು ಅಳಿಸಲು ಕೈ ಬರಲಿಲ್ಲ. ತೆಗೆದುಹಾಕಿದ್ದ ಗುಲಾಬಿಯನ್ನು ಹುಡುಕಿ ತಂದು ಅವುಗಳ ಪಕ್ಕದಲ್ಲಿಟ್ಟೆ.