ಮೂರನೆಯ ಬಟ್ಟಲು

ನಮ್ಮೂರಿನ ಶಾಲೆಗೆ ಒಂದೇ ಸೂರು, ಎರಡು ಬಾಗಿಲು. ನಮ್ಮ ಬೋಸ್ನಿಯಾಕ್ ಮುಸ್ಲಿಮರ ಮಕ್ಕಳು ಈ ಕಡೆಯಿಂದ, ಕ್ರೊಯಾಟ್ ಕ್ರೈಸ್ತರ ಮಕ್ಕಳು ಆ ಕಡೆಯಿಂದ. ನಡುವೆ ಗೋಡೆ, ಲೆಕ್ಕಕ್ಕೆ ಎರಡು ಶಾಲೆ. ಹಳೆಯ ಬಾಯ್ಲರ್ ಕೋಣೆಗೆ ಮಾತ್ರ ಎರಡೂ ಕಡೆ ಬಾಗಿಲಿದೆ. ಅಲ್ಲೇ ನಾನು ಪ್ರತಿ ಗುರುವಾರ ಎರಡೂ ಕಡೆಯ ತಾಯಂದಿರಿಗೆ ಜಗಳವನ್ನು ಮಾತಿನಲ್ಲಿ ಬಿಡಿಸುವುದನ್ನು ಕಲಿಸುತ್ತೇನೆ. ಎದುರಿನವರು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು, ಆಮೇಲೆ ಅವರ ಮಾತನ್ನೇ ತಿರುಗಿ ಹೇಳಿ 'ಸರಿಯಾಯಿತೇ?' ಎಂದು ಕೇಳಬೇಕು. ಹೇಳುವುದು ಸುಲಭ. ಈ ಎರಡು ಕಡೆಯವರ ನಡುವೆ ನಡೆದ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವಳು ನಾನು. ಆ ಕಡೆಯ ಲ್ಯೆರ್ಕಾಳ ಗಂಡನೂ ಅದೇ ಯುದ್ಧದಲ್ಲಿ ಹೋದ. ಎಷ್ಟೋ ಸಲ ಎದುರಿನವರು ಮುಗಿಸುವ ಮುಂಚೆ ನಾನೇ ಬಾಯಿ ಹಾಕಿಬಿಡುತ್ತೇನೆ.

ಎರಡು ಕಡೆಯ ಮುಖ್ಯೋಪಾಧ್ಯಾಯರು ಪರಸ್ಪರ ಮಾತಾಡಿದ್ದನ್ನು ಯಾರೂ ಕಂಡಿಲ್ಲ. ಆದರೆ ಈ ಕೋಣೆಗೆ ಬೀಗ ಜಡಿಯುವುದರಲ್ಲಿ ಇಬ್ಬರದೂ ಭಾರಿ ಒಗ್ಗಟ್ಟು. ಬೀಗ ಬಿದ್ದರೆ ನಾವು ಕೂಡಲು ಊರಿನಲ್ಲಿ ಬೇರೆ ಜಾಗವಿಲ್ಲ. ಚರ್ಚಿನ ಪಕ್ಕದ ಹೋಟೆಲಿಗೆ ನಮ್ಮವರು ಹೋಗುವುದಿಲ್ಲ, ಮಸೀದಿಯ ಪಕ್ಕದ್ದಕ್ಕೆ ಅವರು ಬರುವುದಿಲ್ಲ.

ಕಳೆದ ಗುರುವಾರ ಕೋಣೆಯ ಕೀಲಿಕೈ ಕಿತ್ತುಕೊಳ್ಳಲು ನಮ್ಮ ಕಡೆಯ ಮುಖ್ಯೋಪಾಧ್ಯಾಯ ಸೆನಾಹಿದ್ ಮೇಷ್ಟ್ರೇ ಬಂದರು. ಲ್ಯೆರ್ಕಾ ಆಗಷ್ಟೇ ಕಾಫಿ ಉಕ್ಕಿಸಿದ್ದಳು. ಕೀಲಿಕೈ ತಾಮ್ರದ ತಟ್ಟೆಯಲ್ಲಿ ಸಕ್ಕರೆಯ ಪಕ್ಕದಲ್ಲೇ ಇತ್ತು. ಮೇಷ್ಟ್ರು ಎತ್ತಿಕೊಂಡು ಸೀದಾ ಹೋಗಬಹುದಿತ್ತು. ಆದರೆ ಪರಿಮಳ ಮೂಗಿಗೆ ಬಡಿಯಿತು, ಅಭ್ಯಾಸಬಲದಿಂದ ಕೂತುಬಿಟ್ಟರು. ನಮ್ಮಲ್ಲಿ ಬಟ್ಟಲು ಹಿಡಿದವನು ಅತಿಥಿ, ಬಗ್ಗಿಸಿಕೊಟ್ಟವರು ಮನೆಯವರು. ಮೊದಲನೆಯದು ಬನ್ನಿ ಎನ್ನುವ ಕಾಫಿ, ಎರಡನೆಯದು ಮಾತಿನ ಕಾಫಿ. ಮೂರನೆಯದು ಬಂತೆಂದರೆ ಅತಿಥಿ ಎದ್ದು ಹೊರಡಬೇಕು.

"ತರಬೇತಿ ಸಾಕು ಶೆಫಿಕಾ, ಮನೇಲಿರಿ," ಎಂದರು ಮೊದಲ ಗುಟುಕಿಗೆ. "ಇಲ್ಲಿ ಕೂತು ನೀವು ಮಾಡೋದಾದ್ರೂ ಏನು? ಹರಟೆ."

ಎರಡನೆಯದನ್ನು ನಾನೇ ಬಗ್ಗಿಸಿದೆ. "ಅಂದ್ರೆ ನಾವು ಬರೀ ಹರಟೆ ಹೊಡೀತೀವಿ, ನಮ್ಮಿಂದ ಯಾರಿಗೂ ತೊಂದ್ರೆ ಇಲ್ಲ. ಸರಿಯಾಯ್ತಾ?"

"ತೊಂದ್ರೆ ಇಲ್ದೆ ಏನು! ತಾಯಂದ್ರು ಒಟ್ಟಿಗೆ ಕೂತ್ರೆ ನಾಳೆ ಮಕ್ಳೂ ಕೂರ್ತೀವಿ ಅಂತಾವೆ. ಆಮೇಲೆ ಎರಡು ಶಾಲೆ ಯಾಕೆ, ಇಬ್ರು ಮುಖ್ಯೋಪಾಧ್ಯಾಯರು ಯಾಕೆ ಅಂತ ಶುರುವಾಗತ್ತೆ!"

"ಅಂದ್ರೆ ನಾವು ಸೇರಿದ್ರೆ ನಿಮ್ಮ ಕುರ್ಚಿ ಅಲ್ಲಾಡತ್ತೆ. ಸರಿಯಾಯ್ತಾ ಮೇಷ್ಟ್ರೇ?"

ಅವರ ಕಿವಿ ಕೆಂಪಾಯಿತು. ಹೆಂಗಸರು ಯಾರೂ ನಗಲಿಲ್ಲ. ಅಷ್ಟನ್ನು ನಾನು ಚೆನ್ನಾಗಿಯೇ ಕಲಿಸಿದ್ದೇನೆ. ಲ್ಯೆರ್ಕಾ ಸದ್ದಿಲ್ಲದೆ ಮೂರನೆಯ ಬಟ್ಟಲು ತಂದು ಅವರ ಮುಂದಿಟ್ಟಳು.

"ಏನಿದು? ನನ್ನ ಶಾಲೇಲಿ ನನ್ನನ್ನೇ ಹೊರಡು ಅಂತೀರಾ?"

"ಕುಡೀರಿ ಮೇಷ್ಟ್ರೇ, ಆರೋಗತ್ತೆ," ಎಂದಳು ಅವಳು.

ಬಟ್ಟಲು ತಳ್ಳಬಹುದಿತ್ತು. ಆದರೆ ಅವರ ತಾಯಿ ಹಾಗೆ ಬೆಳೆಸಿರಲಿಲ್ಲ. ಕುಡಿದರು. ಅತಿಥಿಯಾದವನು ಕಾಫಿ ತಟ್ಟೆಯಿಂದ ಕೀಲಿಕೈ ಎತ್ತಿಕೊಂಡು ಹೋಗುವುದುಂಟೇ? ಅದನ್ನೊಮ್ಮೆ ದುರುಗುಟ್ಟಿ ನೋಡಿ, ಅಲ್ಲೇ ಬಿಟ್ಟು ಎದ್ದರು.

"ನಾಳೆ ಬೇರೆ ಬೀಗ ಹಾಕಿಸ್ತೀನಿ."

"ಹಾಕ್ಸಿ," ಎಂದೆ. "ಹೊಸಿಲ ಹೊರಗೆ ಒಲೆ ಹೂಡ್ತೀವಿ. ಗುರುವಾರ ಆ ಕಡೆ ಮೇಷ್ಟ್ರನ್ನೂ ಕರ್ಕೊಂಡು ಬನ್ನಿ. ಇಬ್ರಿಗೂ ಮೊದಲನೇ ಬಟ್ಟಲು ಕಾಯ್ತಿರತ್ತೆ."